92 ಸೆಂಟ್ಸ್ ಮಳೆ, ಉಗುರಿನಷ್ಟು ಕಂಬ

ಮಾರ್ಚ್ ಕೊನೆಯ ವಾರ. ಕಾಫಿ ಹೂ ಅರಳಿಸುವ ಹೂಮಳೆ ಬಿದ್ದು ಎಂಟು ದಿನ ಆಗಿತ್ತು. ರೋಬಸ್ಟಾ ಕಾಫಿ ತೋಟಗಳೆಲ್ಲ ಬೆಳ್ಳಗೆ ಅರಳಿ ನಿಂತಿದ್ದವು. ಆಲ್ದೂರಿನ ಬಸ್ಸಿನಲ್ಲಿ ಕೂತರೆ ಕಿಟಕಿಯಿಂದಲೇ ಹೂವಿನ ವಾಸನೆ ಬರುತ್ತಿತ್ತು. ಅಂಥ ಒಂದು ಬೆಳಿಗ್ಗೆ ನನಗೆ ಫೋನ್ ಬಂತು. ಒಂದು ತೋಟದ ರೈಟರ್, ಅಂದರೆ ತೋಟದ ಲೆಕ್ಕ ಬರೆಯುವವರು. ವಯಸ್ಸು ಐವತ್ತು ದಾಟಿದೆ. ಅವರು ದನಿ ಏರಿಸಿದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ.

"ಮೇಡಂ, ನಿಮ್ಮ ಗ್ರಾಫಲ್ಲಿ ನಮ್ಮ ತೋಟಕ್ಕೆ ಮಳೇನೇ ಇಲ್ವಲ್ಲ? ಸಾಹುಕಾರರು ನನ್ನನ್ನ ಕೇಳ್ತಿದ್ದಾರೆ, ಅಳತೆ ಸರಿಯಾಗಿ ತಗೊಂಡಿದ್ಯೋ ಇಲ್ವೋ ಅಂತ. ಇಪ್ಪತ್ತೆರಡು ವರ್ಷದಿಂದ ನಾನೇ ಅಳೀತಿರೋದು."

ನನ್ನ ಕೆಲಸ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಚಿಕ್ಕಮಗಳೂರಿನ ಒಂದು ಸಣ್ಣ ಆಫೀಸಿನಲ್ಲಿ ತೋಟಗಳ ಲೆಕ್ಕಪತ್ರವನ್ನು ಕಂಪ್ಯೂಟರಿಗೆ ಹಾಕುತ್ತೇವೆ. ಕೂಲಿ ಲೆಕ್ಕ, ಗೊಬ್ಬರದ ಲೆಕ್ಕ, ಕೊಯ್ಲಿನ ಲೆಕ್ಕ, ಅದರ ಜೊತೆಗೆ ಮಳೆ ಲೆಕ್ಕ. ರೈಟರುಗಳು ದಿನಾ ಬೆಳಿಗ್ಗೆ ಮಳೆ ಪುಸ್ತಕದ ಫೋಟೋ ತೆಗೆದು ಕಳಿಸುತ್ತಾರೆ. ನಾನು ಅಂಕಿಗಳನ್ನು ಸೇರಿಸಿ, ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಚಾರ್ಟ್ ಬಿಡಿಸುವ ಮ್ಯಾಟ್‌ಪ್ಲಾಟ್‌ಲಿಬ್ ಲೈಬ್ರರಿಯಿಂದ ಬಾರ್ ಚಾರ್ಟ್, ಅಂದರೆ ಕಂಬಗಳ ಚಿತ್ರ ಮಾಡಿ ಎಲ್ಲರಿಗೂ ವಾಟ್ಸಾಪಿನಲ್ಲಿ ಕಳಿಸುತ್ತೇನೆ. ಯಾರ ತೋಟಕ್ಕೆ ಎಷ್ಟು ಬಿತ್ತು ಅನ್ನೋದು ನಮ್ಮ ಕಡೆ ಮದುವೆ ಮನೆಯಲ್ಲೂ ಕೇಳುವ ಮಾತು, ಅದರಲ್ಲೂ ಹೂಮಳೆ ಹೊತ್ತಿನಲ್ಲಿ. ಒಂದು ಇಂಚು ಬಿದ್ದರೆ ಹೂ ಚೆನ್ನಾಗಿ ಬಿಡುತ್ತದೆ ಅನ್ನೋ ಲೆಕ್ಕ ಇಲ್ಲಿ ಎಲ್ಲರ ಬಾಯಲ್ಲೂ ಇದೆ. ಇಂಚಿಗೆ ನೂರು ಸೆಂಟ್ಸ್. ಸರ್ಕಾರದ ಲೆಕ್ಕ ಮಿಲಿಮೀಟರಿನಲ್ಲಿ ಬಂದರೂ ತೋಟದ ಪುಸ್ತಕ ಇವತ್ತಿಗೂ ಇಂಚು, ಸೆಂಟ್ಸಿನಲ್ಲೇ ಇರುತ್ತದೆ.

ಆ ಸಲ ಆಲ್ದೂರು ಸುತ್ತಿನ ಎಂಟು ತೋಟಗಳ ಲೆಕ್ಕ ಬಂದಿತ್ತು. ಎಲ್ಲಕ್ಕಿಂತ ಕಡಿಮೆ 92 ಸೆಂಟ್ಸ್, ಎಲ್ಲಕ್ಕಿಂತ ಜಾಸ್ತಿ 110. ಚಾರ್ಟ್ ಮಾಡಿ ನೋಡಿದೆ. ಎಂಟೂ ಕಂಬ ಒಂದೇ ಎತ್ತರ ಇದ್ದ ಹಾಗೆ ಕಂಡವು. ಇದನ್ನು ಕಳಿಸಿದರೆ ಯಾರಿಗೆ ಏನು ಗೊತ್ತಾಗುತ್ತೆ ಅನ್ನಿಸಿತು. ಪ್ರೋಗ್ರಾಮಿಗೆ ಒಂದು ಸಾಲು ಸೇರಿಸಿ, ಎಡಗಡೆಯ ಅಳತೆ ಸೊನ್ನೆಯ ಬದಲು 90ರಿಂದ ಶುರುವಾಗುವ ಹಾಗೆ ಮಾಡಿದೆ. ತಕ್ಷಣ ಚಾರ್ಟಿಗೆ ಜೀವ ಬಂತು. ಒಂದು ಕಂಬ ಆಕಾಶಕ್ಕೆ, ಒಂದು ನೆಲಕ್ಕೆ. ಖುಷಿಯಿಂದ ಕಳಿಸಿದೆ.

90ರಿಂದ ಶುರು ಮಾಡಿದರೆ 92ರ ಕಂಬಕ್ಕೆ ಉಳಿಯುವುದು ಎರಡು ಸೆಂಟಿನ ಎತ್ತರ, 110ರ ಕಂಬಕ್ಕೆ ಇಪ್ಪತ್ತು. ಕಣ್ಣಿಗೆ ಹತ್ತು ಪಟ್ಟು ಕಾಣುತ್ತದೆ. ನಿಜವಾದ ವ್ಯತ್ಯಾಸ 18 ಸೆಂಟ್ಸ್, ಅಂದರೆ ನಾಲ್ಕೂವರೆ ಮಿಲಿಮೀಟರ್. ಸಾಹುಕಾರರು ಊರಿನಲ್ಲಿ ಕೂತು ಮೊಬೈಲಿನಲ್ಲಿ ನೋಡಿದ್ದು ಉಗುರಿನಷ್ಟು ಒಂದು ಕಂಬ. ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿದ್ದ 90 ಅವರ ಕಣ್ಣಿಗೆ ಬಿದ್ದಿಲ್ಲ, ಬೀಳಬೇಕು ಅಂತಲೂ ಇಲ್ಲ. ಪಕ್ಕದ ತೋಟಕ್ಕೆ ಅಷ್ಟು ಮಳೆ ಬಂದು ನಮಗೆ ಇಷ್ಟೇನಾ ಅಂತ ಅವರು ಕೇಳಿದ್ದು ಪೂರ್ತಿ ನ್ಯಾಯವಾದ ಪ್ರಶ್ನೆ. ಉತ್ತರ ಕೊಡಬೇಕಾದವಳು ನಾನು, ಬೈಸಿಕೊಂಡವರು ರೈಟರ್.

ಮಾರನೇ ದಿನ ಆ ತೋಟಕ್ಕೇ ಹೋದೆ. ಫೋನಿನಲ್ಲಿ ಕ್ಷಮೆ ಕೇಳಿದರೆ ಸಾಲದು ಅನ್ನಿಸಿತ್ತು. ರೈಟರ್ ನನ್ನನ್ನು ಮಳೆ ಮಾಪಕದ ಹತ್ತಿರ ಕರೆದುಕೊಂಡು ಹೋದರು. ಮರದ ನೆರಳು, ಸೂರಿನ ನೀರು ಯಾವುದೂ ತಾಗದ ಹಾಗೆ ಕಣದ ಪಕ್ಕ ಬಯಲಿನಲ್ಲಿ ಇಟ್ಟಿದ್ದಾರೆ. ಒಳಗಿನ ಬಾಟಲಿ ತೆಗೆದು, ನನಗೆ ತೋರಿಸಲಿಕ್ಕೆ ಅಂತಲೇ ಸ್ವಲ್ಪ ನೀರು ಹಾಕಿ, ಅದನ್ನು ಅಳತೆ ಗ್ಲಾಸಿಗೆ ಬಗ್ಗಿಸಿದರು. ಗ್ಲಾಸನ್ನು ಕಣ್ಣಿನ ಮಟ್ಟಕ್ಕೆ ಹಿಡಿದರು. ನೀರಿನ ಮೇಲ್ಮೈ ನಡುವೆ ಸ್ವಲ್ಪ ತಗ್ಗಾಗಿರುತ್ತದೆ ಅಲ್ವಾ, ಆ ತಗ್ಗಿನ ಗೆರೆಯನ್ನೇ ಓದಬೇಕು, ಅಂಚಿಗೆ ಏರಿದ್ದನ್ನಲ್ಲ ಅಂದರು. ಆಮೇಲೆ ಗ್ಲಾಸನ್ನು ನನ್ನ ಕೈಗೆ ಕೊಟ್ಟು, "ನಿಮ್ಮ ಗ್ರಾಫು ಈ ಗ್ಲಾಸಿನ ತಳ ಕತ್ತರಿಸಿ, ಮೇಲಿನ ನೀರನ್ನಷ್ಟೇ ತೋರಿಸಿದ ಹಾಗಾಯ್ತು ಮೇಡಂ" ಅಂದರು.

ನಾನು ಓದಿದ್ದ ಯಾವ ಪಾಠದಲ್ಲೂ ಇದನ್ನು ಇಷ್ಟು ಸರಿಯಾಗಿ ಹೇಳಿರಲಿಲ್ಲ. ಬಾರ್ ಚಾರ್ಟಿನಲ್ಲಿ ನಾವು ಓದುವುದು ಉದ್ದವನ್ನು. ಬುಡದಿಂದ ತುದಿಯವರೆಗಿನ ಉದ್ದವೇ ಅಂಕಿ. ಬುಡ ಕತ್ತರಿಸಿದರೆ ಉಳಿದ ತುಂಡಿಗೆ ಅರ್ಥವೇ ಇಲ್ಲ. ಮ್ಯಾಟ್‌ಪ್ಲಾಟ್‌ಲಿಬ್ ತಾನಾಗಿ ಕಂಬಗಳನ್ನು ಸೊನ್ನೆಯಿಂದಲೇ ನಿಲ್ಲಿಸುತ್ತದೆ. ಅದನ್ನು ಕೆಡಿಸಿದ್ದು ನಾನು ಸೇರಿಸಿದ ಆ ಒಂದು ಸಾಲು. ಸಣ್ಣ ವ್ಯತ್ಯಾಸವನ್ನೇ ದೊಡ್ಡದಾಗಿ ತೋರಿಸಬೇಕಿದ್ದರೆ ಕಂಬದ ಬದಲು ಚುಕ್ಕೆ ಇಡಬಹುದಿತ್ತು. ಚುಕ್ಕೆ ಎಲ್ಲಿದೆ ಅಂತ ನೋಡುತ್ತೇವೆ, ಎಷ್ಟು ಉದ್ದ ಅಂತ ನೋಡುವುದಿಲ್ಲ. ಇನ್ನೊಂದು ಮಾತು. ಎಂಟೂ ಕಂಬ ಹೆಚ್ಚು ಕಡಿಮೆ ಸಮ ಇದ್ದವು ಅನ್ನೋದೇ ಆ ದಿನದ ಒಳ್ಳೆ ಸುದ್ದಿ. ಸುತ್ತಿನ ಎಲ್ಲ ತೋಟಕ್ಕೂ ಇಂಚಿನ ಆಸುಪಾಸು ಮಳೆ ಬಂದಿತ್ತು. ಆ ಸುದ್ದಿ ನನಗೆ ಸಪ್ಪೆ ಅನ್ನಿಸಿದ್ದೇ ತಪ್ಪು.

ವಾಪಸ್ ಬಂದು ಚಾರ್ಟನ್ನು ಬುಡದಿಂದ ಮತ್ತೆ ಮಾಡಲು ಕೂತೆ. ಈ ಲೈಬ್ರರಿಯಲ್ಲಿ ಬದಲಾಯಿಸಲು ಆಗದ್ದು ಯಾವುದೂ ಇಲ್ಲ ಅಂದರೂ ತಪ್ಪಾಗದು. ಜಾನ್ ಹಂಟರ್ ಅನ್ನೋ ನರವಿಜ್ಞಾನಿ, ಮೂರ್ಛೆ ರೋಗಿಗಳ ಮೆದುಳಿನ ಅಲೆಗಳನ್ನು ನೋಡುವ ಕೆಲಸಕ್ಕೆ ಬರೆಯಲು ಶುರು ಮಾಡಿ 2003ರಲ್ಲಿ ಎಲ್ಲರಿಗೂ ಬಿಟ್ಟುಕೊಟ್ಟ ಲೈಬ್ರರಿ ಇದು. ಕಂಬದ ದಪ್ಪ, ಬಣ್ಣ, ಅಂಚು, ಒಳಗಿನ ಗೀಟು, ಸುತ್ತಿನ ಚೌಕಟ್ಟು, ಅಕ್ಷರ, ಹಾಳೆಯ ಅಳತೆ ಎಲ್ಲಕ್ಕೂ ಒಂದೊಂದು ತಿರುಪು ಇದೆ. ಮೊದಲೆಲ್ಲ ತಿರುಪು ಇದೆ ಅಂತ ತಿರುಗಿಸುತ್ತಿದ್ದೆ. ಈ ಸಲ ಇದನ್ನು ನೋಡುವವರು ಯಾರು, ಎಲ್ಲಿ ನಿಂತು ನೋಡುತ್ತಾರೆ ಅಂತ ಯೋಚಿಸಿ ಒಂದೊಂದನ್ನೇ ಮುಟ್ಟಿದೆ.

ಮೊದಲು ಕಂಬಗಳನ್ನು ಮಲಗಿಸಿದೆ. ತೋಟದ ಹೆಸರುಗಳು ಉದ್ದ. ನಿಂತ ಕಂಬದ ಕೆಳಗೆ ಬರೆದರೆ ಒಂದರ ಮೇಲೊಂದು ಹತ್ತುತ್ತವೆ, ಓರೆ ಮಾಡಿದರೆ ಓದುವವರು ಕತ್ತು ಓರೆ ಮಾಡಬೇಕು. 'ಬಾರ್' ಬದಲು 'ಬಾರ್‌ಎಚ್' ಅಂತ ಬರೆದರೆ ಕಂಬ ಮಲಗುತ್ತದೆ, ಹೆಸರು ಎಡಗಡೆ ನೆಟ್ಟಗೆ ಕೂರುತ್ತದೆ. ಒಂದು ಎಚ್ಚರ ಬೇಕು. ಪಟ್ಟಿಯ ಮೊದಲ ಹೆಸರು ಎಲ್ಲಕ್ಕಿಂತ ಕೆಳಗೆ ಬರುತ್ತದೆ, ಅದಕ್ಕೆ 'ಇನ್ವರ್ಟ್ ವೈ ಆಕ್ಸಿಸ್' ಹಾಕಿ ತಿರುಗಿಸಬೇಕು. ಜಾಸ್ತಿಯಿಂದ ಕಡಿಮೆಗೆ ಜೋಡಿಸೋಣ ಅಂದುಕೊಂಡಿದ್ದೆ, ಆಮೇಲೆ ಬಿಟ್ಟೆ. ರೈಟರುಗಳಿಗೆ ಊರಿನ ದಾರಿಯಲ್ಲಿ ತೋಟ ಸಿಗುವ ಕ್ರಮ ಬಾಯಿಪಾಠ. ಪ್ರತಿ ತಿಂಗಳೂ ತಮ್ಮ ತೋಟ ಅದೇ ಜಾಗದಲ್ಲಿ ಇದ್ದರೆ ಕಣ್ಣು ನೇರ ಅಲ್ಲಿಗೇ ಹೋಗುತ್ತದೆ.

ಪ್ರತಿ ಕಂಬದ ತುದಿಗೆ ಅಂಕಿ ಬರೆದೆ. ಹಿಂದೆ ಇದಕ್ಕೆ ಒಂದೊಂದು ಕಂಬದ ಉದ್ದ ಹಿಡಿದು, ಅದರ ಪಕ್ಕ ಅಕ್ಷರ ಇಡುವ ಲೂಪ್ ಬರೆಯಬೇಕಿತ್ತು. 2021ರಲ್ಲಿ ಬಂದ 3.4ನೇ ಆವೃತ್ತಿಯಿಂದ 'ಬಾರ್ ಲೇಬಲ್' ಅನ್ನೋ ಒಂದೇ ಸಾಲು ಸಾಕು. ಅಂಕಿ ಕಂಬದ ಮೇಲೇ ಇರುವಾಗ ಕಂಬಗಳ ಹಿಂದಿನ ಅಳತೆ ಗೆರೆಗಳು ಬೇಡ ಅಂತ ತೆಗೆದೆ. ಮೇಲಿನ, ಬಲಗಡೆಯ ಚೌಕಟ್ಟಿನ ಗೆರೆಯನ್ನೂ ತೆಗೆದೆ. ನೂರು ಸೆಂಟ್ಸಿನ ಜಾಗದಲ್ಲಿ ಮಾತ್ರ ಮೇಲಿಂದ ಕೆಳಕ್ಕೆ ಒಂದು ತೆಳು ಗೆರೆ ಎಳೆದೆ. ಎಲ್ಲರೂ ಕೇಳುವುದು ಒಂದು ಇಂಚು ಆಯ್ತಾ ಅಂತ ತಾನೇ?

ಬಣ್ಣದ ವಿಷಯ ಬೇಗ ಮುಗಿಯಿತು. ಈ ಚಾರ್ಟನ್ನು ತುಂಬಾ ಕಡೆ ಜೆರಾಕ್ಸ್ ಮಾಡಿ ತೋಟದ ಆಫೀಸಿನ ಗೋಡೆಗೆ ಅಂಟಿಸುತ್ತಾರೆ. ಜೆರಾಕ್ಸಿನಲ್ಲಿ ನೀಲಿ, ಹಸಿರು, ಕೆಂಪು ಎಲ್ಲ ಒಂದೇ ಬೂದಿ. ಹಾಗಾಗಿ ಈ ವರ್ಷದ ಕಂಬ ಕಪ್ಪು, ಹೋದ ವರ್ಷದ್ದು ಬಿಳಿ, ಅದರೊಳಗೆ ಓರೆ ಗೀಟು. ಗೀಟಿಗೆ 'ಹ್ಯಾಚ್' ಅನ್ನೋ ತಿರುಪು ಇದೆ. ಜೋಡಿ ಕಂಬ ಮಾಡುವಾಗ ದಪ್ಪದ ಲೆಕ್ಕ ನೋಡಿಕೊಳ್ಳಿ. ಲೈಬ್ರರಿ ತಾನಾಗಿ ಕೊಡುವ ದಪ್ಪ 0.8. ಅದನ್ನು 0.4 ಮಾಡಿ, ಒಂದನ್ನು 0.2 ಆ ಕಡೆ, ಇನ್ನೊಂದನ್ನು 0.2 ಈ ಕಡೆ ಸರಿಸಿದರೆ ಎರಡೂ ಹೆಸರಿನ ನೇರಕ್ಕೆ ಅಕ್ಕಪಕ್ಕ ಕೂರುತ್ತವೆ. ಮೂರನೇ ವರ್ಷ ಸೇರಿಸಲು ಹೋಗಬೇಡಿ, ಗಿಜಿಗಿಜಿ ಆಗುತ್ತದೆ.

ನನ್ನ ಎರಡು ದಿನ ತಿಂದದ್ದು ಕನ್ನಡ. ಅಲ್ಲಿಯವರೆಗೆ ಹೆಸರುಗಳನ್ನು ಇಂಗ್ಲಿಷಿನಲ್ಲೇ ಹಾಕುತ್ತಿದ್ದೆ. ಮಳೆ ಪುಸ್ತಕ ಕನ್ನಡದಲ್ಲಿ ಬರೆಯುವವರಿಗೆ ಚಾರ್ಟ್ ಮಾತ್ರ ಯಾಕೆ ಇಂಗ್ಲಿಷಿನಲ್ಲಿ? ಬದಲಾಯಿಸಿದೆ. ಅಕ್ಷರದ ಜಾಗದಲ್ಲೆಲ್ಲ ಖಾಲಿ ಡಬ್ಬಿಗಳು ಬಂದವು. ಲೈಬ್ರರಿಯ ಜೊತೆ ಬರುವ ಡೇಜಾವೂ ಸ್ಯಾನ್ಸ್ ಫಾಂಟಿನಲ್ಲಿ ಕನ್ನಡ ಇಲ್ಲ. ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಹಾಕಿದೆ. ಡಬ್ಬಿ ಹೋಯಿತು, ಅಕ್ಷರ ಬಂತು, ಆದರೆ ಒಡೆದುಕೊಂಡು ಬಂತು. 'ಚಿಕ್ಕಮಗಳೂರು' ಅನ್ನೋದರಲ್ಲಿ ಗುಡಿಸು ಚ-ದಿಂದ ಬೇರೆಯಾಗಿ ನಿಂತಿತ್ತು, ಒತ್ತು ಕೆಳಗೆ ಇಳಿಯದೆ 'ಕ್‌ಕ' ಅಂತ ಪಕ್ಕದಲ್ಲೇ ಕೂತಿತ್ತು. ಕಾರಣ ಫಾಂಟ್ ಅಲ್ಲ. ನಾನು ಬಳಸುವ ಆವೃತ್ತಿ ಒಂದೊಂದೇ ಅಕ್ಷರವನ್ನು ಫಾಂಟಿನಿಂದ ಎತ್ತಿ ಸಾಲಾಗಿ ಇಡುತ್ತದೆ, ಅಷ್ಟೇ. ವ್ಯಂಜನಕ್ಕೆ ಸ್ವರ ಸೇರಿಸುವುದು, ಒತ್ತನ್ನು ಕೆಳಗೆ ಇಳಿಸುವುದು ಬೇರೆಯೇ ಕೆಲಸ. ಆ ಕೆಲಸ ಬ್ರೌಸರಿಗೆ ಚೆನ್ನಾಗಿ ಬರುತ್ತದೆ.

ಹಾಗಾದರೆ ಅದನ್ನು ಬ್ರೌಸರಿಗೇ ಬಿಡೋಣ ಅಂತ ದಾರಿ ಹುಡುಕಿದೆ. ಚಾರ್ಟನ್ನು ಚುಕ್ಕೆಗಳಿಂದಾದ ಪಿಎನ್‌ಜಿ ಚಿತ್ರದ ಬದಲು, ಬ್ರೌಸರ್ ತಾನೇ ಬಿಡಿಸುವ ಎಸ್‌ವಿಜಿ ಚಿತ್ರವಾಗಿ ಉಳಿಸಬಹುದು. ಆಗಲೂ ಲೈಬ್ರರಿ ಅಕ್ಷರಗಳನ್ನು ಗೆರೆಗಳಾಗಿ ಬಿಡಿಸಿಬಿಡುತ್ತದೆ, ಒಡೆದದ್ದು ಒಡೆದ ಹಾಗೇ ಉಳಿಯುತ್ತದೆ. 'ಎಸ್‌ವಿಜಿ ಫಾಂಟ್‌ಟೈಪ್' ಅನ್ನೋ ತಿರುಪಿಗೆ 'ನನ್' (none) ಅಂತ ಕೊಟ್ಟರೆ ಅಕ್ಷರ ಅಕ್ಷರವಾಗಿಯೇ ಉಳಿಯುತ್ತದೆ. ಆ ಕಡತವನ್ನು ಬ್ರೌಸರಿನಲ್ಲಿ ತೆರೆದೆ. ಗುಡಿಸು, ಕೊಂಬು, ಒತ್ತು ಎಲ್ಲ ಅದರದರ ಜಾಗದಲ್ಲಿ. ಅಲ್ಲಿಂದ ಪಿಡಿಎಫ್ ಮಾಡಿಕೊಂಡೆ. ಕನ್ನಡದಲ್ಲಿ ಚಾರ್ಟ್ ಮಾಡುವವರು ಯಾರಾದರೂ ಇದೇ ಡಬ್ಬಿ, ಇದೇ ಒಡಕು ಅಕ್ಷರ ನೋಡಿ ಇಂಗ್ಲಿಷಿಗೆ ಮರಳಿದ್ದರೆ, ದಯವಿಟ್ಟು ಇದೊಂದನ್ನು ಮಾಡಿ ನೋಡಿ.

ಮಳೆ ಇಲ್ಲದ ದಿನದ ಸಮಸ್ಯೆ ತಿಂಗಳ ಚಾರ್ಟಿನಲ್ಲಿ ಸಿಕ್ಕಿತು. ಒಂದು ತೋಟದಲ್ಲಿ ಮಳೆ ಬಂದಿಲ್ಲ, ಪುಸ್ತಕದಲ್ಲಿ ಸೊನ್ನೆ ಬರೆದಿದ್ದಾರೆ. ಇನ್ನೊಂದು ತೋಟದಿಂದ ಲೆಕ್ಕವೇ ಬಂದಿಲ್ಲ. ಚಾರ್ಟಿನಲ್ಲಿ ಎರಡೂ ಒಂದೇ, ಕಂಬ ಇಲ್ಲದ ಖಾಲಿ ಜಾಗ. ಮೊದಲ ತಪ್ಪಿಗಿಂತ ಇದು ಕೆಟ್ಟದ್ದು ಅಂತ ನನಗನ್ನಿಸುತ್ತದೆ, ಯಾಕೆಂದರೆ ಇದರ ಬಗ್ಗೆ ಯಾರೂ ಫೋನ್ ಮಾಡುವುದಿಲ್ಲ. ಈಗ ಸೊನ್ನೆ ಇದ್ದರೆ ಬುಡದಲ್ಲಿ '0' ಅಂತ ಬರೆಯುತ್ತೇನೆ, ಲೆಕ್ಕ ಬರದಿದ್ದರೆ 'ಲೆಕ್ಕ ಬಂದಿಲ್ಲ' ಅಂತಲೇ ಬರೆಯುತ್ತೇನೆ.

ಬಾರ್ ಚಾರ್ಟನ್ನು ಮೊದಲು ಅಚ್ಚು ಹಾಕಿಸಿದವನು ವಿಲಿಯಂ ಪ್ಲೇಫೇರ್, 1786ರಲ್ಲಿ. ಸ್ಕಾಟ್ಲೆಂಡಿನ ಆಮದು ರಫ್ತಿನ ಲೆಕ್ಕ ಅವನಿಗೆ ಒಂದೇ ವರ್ಷದ್ದು ಸಿಕ್ಕಿತ್ತು. ವರ್ಷದಿಂದ ವರ್ಷಕ್ಕೆ ಗೆರೆ ಎಳೆಯಲು ಆಗದೆ, ಒಂದೊಂದು ದೇಶದ ಹೆಸರಿನ ಮುಂದೆ ಮಲಗಿದ ಪಟ್ಟಿ ಬರೆದ. ಒಂದೇ ದಿನದ ಮಳೆ, ಎಂಟು ತೋಟದ ಹೆಸರು. ನನ್ನ ಕೆಲಸವೂ ಅದೇ ಅಲ್ವಾ ಅಂತ ಅದನ್ನು ಓದಿದಾಗ ಅನ್ನಿಸಿತು.

ಕೊನೆಗೆ ಮಾಡಿದ ಬದಲಾವಣೆ ಆ ಗ್ಲಾಸಿನಿಂದಲೇ ಹೊಳೆದದ್ದು. ಹಾಳೆಯ ಮೇಲೆ ಹತ್ತು ಸೆಂಟ್ಸ್ ಮಳೆಗೆ ಸರಿಯಾಗಿ ಒಂದು ಸೆಂಟಿಮೀಟರ್ ಬರಬೇಕು. ಎ4 ಹಾಳೆ 21 ಸೆಂಟಿಮೀಟರ್ ಅಗಲ. ಹೆಸರಿಗೆ ನಾಲ್ಕೂವರೆ ಬಿಟ್ಟು, ಕಂಬಗಳಿಗೆ 15 ಇಟ್ಟು, ಅಳತೆಯನ್ನು ಸೊನ್ನೆಯಿಂದ 150 ಸೆಂಟ್ಸಿಗೆ ಕಟ್ಟಿದೆ. ಲೈಬ್ರರಿ ಇಂಚಿನಲ್ಲಿ ಲೆಕ್ಕ ಕೇಳುತ್ತದೆ, ಎಲ್ಲವನ್ನೂ 2.54ರಿಂದ ಭಾಗಿಸಿದೆ. ಉಳಿಸುವಾಗ ಅಂಚಿನ ಬಿಳಿ ಜಾಗ ಕತ್ತರಿಸುವ 'ಟೈಟ್' ಅನ್ನೋದನ್ನು ತೆಗೆದೆ, ಅದಿದ್ದರೆ ಅಳತೆ ಕೆಡುತ್ತದೆ. ಪ್ರಿಂಟ್ ಕೊಡುವಾಗ ನೂರಕ್ಕೆ ನೂರು ಅಳತೆ ಅಂತ ಆರಿಸಬೇಕು, ಹಾಳೆಗೆ ಹೊಂದಿಸು ಅಂತ ಕೊಟ್ಟರೆ ಎಲ್ಲ ಹಾಳು.

ಏಪ್ರಿಲ್ ಎರಡನೇ ವಾರ ಬ್ಯಾಕಿಂಗ್ ಮಳೆ ಬಂತು. ಹೂಮಳೆ ಆದ ಮೇಲೆ ಕಾಯಿ ಕಚ್ಚಲು ಬೇಕಾದ ಮಳೆ. ಆ ಚಾರ್ಟಿನ ಪ್ರಿಂಟ್ ತೆಗೆದಿಟ್ಟಿದ್ದೆ. ಸಂತೆಗೆ ಬಂದಿದ್ದ ರೈಟರ್ ನಮ್ಮ ಆಫೀಸಿಗೂ ಬಂದರು. ಹಾಳೆ ಕೊಟ್ಟೆ. ತಮ್ಮ ತೋಟದ ಹೆಸರು ಹುಡುಕಿ ಓದಿದರು. ನನ್ನ ಮೇಜಿನ ಮೇಲಿದ್ದ ಸ್ಕೇಲ್ ತೆಗೆದುಕೊಂಡು, ಕಂಬದ ಬುಡಕ್ಕೆ ಸೊನ್ನೆ ಹಿಡಿದು, ಕನ್ನಡಕ ಮೇಲೆ ಸರಿಸಿ ಬಗ್ಗಿ ನೋಡಿದರು. ಏಳು ಸೆಂಟಿಮೀಟರ್, ಆಮೇಲೆ ನಾಲ್ಕು ಸಣ್ಣ ಗೆರೆ.

"ಎಪ್ಪತ್ನಾಲ್ಕು. ಸರಿ ಇದೆ" ಅಂದರು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಮಳೆ ಪುಸ್ತಕದ ಒಳಗೆ ಇಟ್ಟುಕೊಂಡು ಬಸ್ಸಿಗೆ ಹೊರಟರು.