ಬಲಕ್ಕೆ ಹೋಗಿ ಅಂದೆ, ಲಾಂಡ್ರಿ ಬಂತು

ಆಸ್ಪತ್ರೆಯೊಂದರ ದಾರಿ ತೋರಿಸೋ ಬೋರ್ಡುಗಳನ್ನೆಲ್ಲ ಹಾಕಿ, ಹ್ಯಾಂಡೋವರ್ ಕೊಟ್ಟು ಮೂರು ದಿನ ಆಗಿತ್ತು. ಫೆಸಿಲಿಟಿ ಮ್ಯಾನೇಜರ್ ಫೋನ್ ಮಾಡಿದರು. "ಸರ್, ನಿಮ್ಮ ಮ್ಯಾಪ್ ನೋಡ್ಕೊಂಡೇ ಜನ ದಾರಿ ತಪ್ತಾ ಇದ್ದಾರೆ." ನನಗೆ ಸಿಟ್ಟು ಬಂತು. ಜಿಎಫ್‌ಸಿ ಡ್ರಾಯಿಂಗ್, ಅಂದರೆ ಕಟ್ಟಡ ಕಟ್ಟೋಕೆ ಅಂತ ಕೊಡೋ ಅಂತಿಮ ನಕ್ಷೆಯಿಂದಲೇ ತೆಗೆದ ಪ್ಲಾನ್ ಅದು, ಒಂದು ಗೋಡೆ ಕೂಡ ತಪ್ಪಿಲ್ಲ. ನಮ್ಮ ಜನಕ್ಕೆ ಮ್ಯಾಪ್ ಓದೋಕೆ ಬರಲ್ಲ ಅಷ್ಟೇ ಅಂದುಕೊಂಡು ಬೈಕ್ ಹತ್ತಿದೆ.

ಸೋಮವಾರ ಬೆಳಿಗ್ಗೆ. ಒಪಿಡಿಯಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ಲಿಫ್ಟ್ ಲಾಬಿಯಲ್ಲಿ ಬೋರ್ಡಿನ ಪಕ್ಕ ಕೈಕಟ್ಟಿ ನಿಂತೆ. ಒಬ್ಬರು ಅಜ್ಜಿ, ಜೊತೆಗೆ ಮಗಳು ಬಂದರು. ಮಗಳ ಕೈಯಲ್ಲಿ ಖಾಲಿಯಾದ ನೀರಿನ ಬಾಟಲಿ. ಹೊಟ್ಟೆ ಸ್ಕ್ಯಾನಿಂಗ್‌ಗೆ ನೀರು ಕುಡಿದು ಬಂದವರು, ಮುಖ ನೋಡಿದರೇ ಗೊತ್ತಾಗುತ್ತಿತ್ತು.

"ಏನಪ್ಪಾ, ಸ್ಕ್ಯಾನಿಂಗು ಎಲ್ಲದೆ? ಎರಡು ಸಲ ಹೋಗಿ ಬಂದ್ವಿ, ಸಿಗ್ಲೇ ಇಲ್ಲ."

ನಾನು ಬೋರ್ಡ್ ನೋಡಿದೆ. 'ನೀವು ಇಲ್ಲಿದ್ದೀರಿ' ಅನ್ನೋ ಕೆಂಪು ಚುಕ್ಕೆ, ಅದರ ಬಲಕ್ಕೆ ಸ್ಕ್ಯಾನಿಂಗ್. "ಬಲಕ್ಕೇ ಇದೆಯಲ್ಲಮ್ಮ, ಬನ್ನಿ" ಅಂತ ನಾನೇ ಮುಂದೆ ನಡೆದೆ.

ಉದ್ದನೆಯ ಕಾರಿಡಾರ್. ಅರ್ಧ ದಾರಿಯಲ್ಲಿ ಫಿನಾಯಿಲ್ ವಾಸನೆ ಹೋಗಿ ಸೋಪಿನ ವಾಸನೆ ಶುರುವಾಯಿತು. ಆಗಲೇ ವಾಪಸ್ ತಿರುಗಬೇಕಿತ್ತು. ಆದರೆ ಮ್ಯಾಪ್ ಮಾಡಿದವನು ನಾನು, ಹೇಗೆ ತಿರುಗಲಿ? ಕೊನೆಯ ಬಾಗಿಲು ತಳ್ಳಿದರೆ ಲಾಂಡ್ರಿ. ಬೆಡ್‌ಶೀಟ್ ಮಡಚುತ್ತಿದ್ದ ಹೆಂಗಸು ತಲೆ ಎತ್ತಿ, "ಮತ್ತೆ ಬಂದ್ರಾ?" ಅಂದರು. ಅಜ್ಜಿ ಮೆಲ್ಲಗೆ, "ನಾವೂ ಇಲ್ಲಿಗೇ ಬಂದಿದ್ವಪ್ಪ" ಅಂದರು. ಮಗಳು ಏನೂ ಹೇಳಲಿಲ್ಲ, ಹಲ್ಲು ಕಚ್ಚಿ ಗೋಡೆ ಹಿಡಿದು ನಿಂತಿದ್ದರು. ಆ ಮೌನ ಇವತ್ತಿಗೂ ಚುಚ್ಚುತ್ತದೆ.

ಲಾಬಿಗೆ ವಾಪಸ್ ಬಂದಾಗ ಸೆಕ್ಯೂರಿಟಿ ಅಣ್ಣ ಎದ್ದು ಬಂದರು. "ಅಮ್ಮಾ, ಆ ಬೋರ್ಡ್ ಬಿಡಿ. ಗಣಪತಿ ಕಡೆ ಮುಖ ಮಾಡಿ ನಿಂತ್ಕೊಳ್ಳಿ. ಈಗ ಬಲಗೈ ಕಡೆ ಸೀದಾ ಹೋಗಿ." ಎರಡು ನಿಮಿಷದಲ್ಲಿ ಅವರು ಒಳಗಿದ್ದರು. ಗಣಪತಿ ಇದ್ದದ್ದು ನನ್ನ ಬೋರ್ಡಿನ ಎದುರು ಗೋಡೆಗೆ.

ಆಗಿದ್ದು ಇಷ್ಟೇ. ಆಟೋಕ್ಯಾಡ್ ಅನ್ನೋ ಡ್ರಾಯಿಂಗ್ ಸಾಫ್ಟ್‌ವೇರ್‌ನಲ್ಲಿ ನಮ್ಮ ಪ್ಲಾನ್‌ಗೆ ಉತ್ತರ ಯಾವಾಗಲೂ ಮೇಲೆ. ವರ್ಷವಿಡೀ ಆ ಕಟ್ಟಡವನ್ನು ಸ್ಕ್ರೀನಲ್ಲಿ ಹಾಗೇ ನೋಡಿ, ನನ್ನ ತಲೆಯೊಳಗೂ ಅದು ಹಾಗೇ ಕೂತಿತ್ತು. ಒಂದೇ ಆರ್ಟ್‌ವರ್ಕ್, ನಾಲ್ಕು ಪ್ರಿಂಟ್, ನಾಲ್ಕು ಗೋಡೆ. ಉತ್ತರದ ಗೋಡೆಯ ಬೋರ್ಡ್ ಮುಂದೆ ನಿಂತು ಚೆಕ್ ಮಾಡಿ ಸೈನ್ ಹಾಕಿಬಿಟ್ಟಿದ್ದೆ. ಅಲ್ಲಿ ಎಲ್ಲ ಸರಿ. ಅಜ್ಜಿ ನೋಡಿದ್ದು ದಕ್ಷಿಣದ ಗೋಡೆಯ ಬೋರ್ಡ್, ಸ್ಕ್ಯಾನಿಂಗ್ ಇದ್ದದ್ದು ಪೂರ್ವಕ್ಕೆ. ದಕ್ಷಿಣಕ್ಕೆ ಮುಖ ಮಾಡಿ ನೋಡುವವರಿಗೆ ಪೂರ್ವ ಎಡಗೈ ಕಡೆ, ಮ್ಯಾಪಲ್ಲಿ ಮಾತ್ರ ಬಲಕ್ಕೆ. ಉಳಿದೆರಡು ಗೋಡೆಗಳಲ್ಲಿ ಕಾಲು ಸುತ್ತು ತಪ್ಪು. ಗೋಡೆಯ ಮೇಲಿನ ಮ್ಯಾಪಲ್ಲಿ ಮೇಲೆ ಇರೋದನ್ನು ಜನ ತಮ್ಮ ಮುಂದೆ ಇದೆ ಅಂತಲೇ ಓದುತ್ತಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ಮಾರ್ವಿನ್ ಲೆವಿನ್ 1980ರ ದಶಕದಲ್ಲೇ ಇದನ್ನು ಪರೀಕ್ಷೆ ಮಾಡಿ ತೋರಿಸಿದ್ದರು. ತುರ್ತು ನಿರ್ಗಮನದ ಪ್ಲಾನ್‌ಗಳಿಗೆ ಐಎಸ್‌ಒ 23601 ಅನ್ನೋ ಅಂತರರಾಷ್ಟ್ರೀಯ ಮಾನದಂಡ ಹೇಳೋದೂ ಇದನ್ನೇ: ನೋಡುವವರು ನಿಂತ ದಿಕ್ಕಿಗೆ ತಿರುಗಿಸಿ ಹಾಕಿ. ಇದನ್ನೆಲ್ಲ ಓದಿದ್ದೆ ಕೂಡ. ಕಾಲೇಜಲ್ಲಿ, ಪರೀಕ್ಷೆಗೆ. ಸೆಕ್ಯೂರಿಟಿ ಅಣ್ಣ ಓದಿರಲಿಲ್ಲ, ಆದರೆ ದಾರಿ ಹೇಳೋ ಮೊದಲು ಮುಖ ಯಾವ ಕಡೆ ಅಂತ ಹೇಳಿದರು.

ಮೀಟಿಂಗಲ್ಲಿ ಮ್ಯಾನೇಜ್‌ಮೆಂಟ್ ಕೊಟ್ಟ ಐಡಿಯಾ ಏನು ಗೊತ್ತಾ? ಅಕ್ಷರ ದೊಡ್ಡದು ಮಾಡಿ, ಒಂದು ಕ್ಯೂಆರ್ ಕೋಡ್ ಹಾಕಿ. ಹೊಟ್ಟೆ ತುಂಬ ನೀರು ಕುಡಿದು ನಿಂತವರು ಫೋನ್ ತೆಗೆದು ಸ್ಕ್ಯಾನ್ ಮಾಡಬೇಕಂತೆ. ಕೊನೆಗೆ ಮೂರು ಬೋರ್ಡಿನ ವಿನೈಲ್ (ಮ್ಯಾಪ್ ಪ್ರಿಂಟ್ ಆದ ಪ್ಲಾಸ್ಟಿಕ್ ಹಾಳೆ) ಕಿತ್ತು ಹೊಸದು ಅಂಟಿಸಿದೆವು. ಖರ್ಚು ನಮ್ಮ ಬಿಲ್ಲಿನಲ್ಲೇ ಕಟ್. ಹೊಸ ಮ್ಯಾಪಲ್ಲಿ ಗಣಪತಿಯನ್ನೂ ಸೇರಿಸಿದೆ. ಬ್ರ್ಯಾಂಡಿಂಗ್‌ನವರು ಮುಖ ಸಿಂಡರಿಸಿದರು, ಸಿಂಡರಿಸಲಿ.

ಈ ನಡುವೆ ಹಳೆಯ ಬೋರ್ಡಿನ ಕೆಳಗೆ ಸೆಕ್ಯೂರಿಟಿ ಅಣ್ಣ ಒಂದು ಚೀಟಿ ಅಂಟಿಸಿದ್ದರು. ಮಾರ್ಕರಲ್ಲಿ 'ಸ್ಕ್ಯಾನಿಂಗ್', ಎಡಕ್ಕೆ ಒಂದು ಬಾಣ. ಹೊಸ ವಿನೈಲ್ ಹಾಕುವಾಗ ಹುಡುಗ, "ಸರ್, ಇದನ್ನ ಕೀಳ್ಲಾ?" ಅಂತ ಕೇಳಿದ. ಬೇಡ, ಇರಲಿ ಅಂದೆ.