ಓಬವ್ವನ ಹತ್ತಿರ ನಿಂತಿರು

"ಓಬವ್ವನ ಹತ್ತಿರ ನಿಂತಿರು, ನಾನು ಬರುವವರೆಗೆ ಎಲ್ಲಿಗೂ ಹೋಗಬೇಡ" ಎಂದು ಹಿಂದಿನ ರಾತ್ರಿಯೇ ಅವ್ವನಿಗೆ ಹೇಳಿದ್ದೆ. ಕಣ್ಣಿನ ಡಾಕ್ಟರಿಗೆ ತೋರಿಸಲು ಅವಳು ಊರಿನಿಂದ ಚಿತ್ರದುರ್ಗಕ್ಕೆ ಬರಬೇಕಿತ್ತು, ನಾನು ದಾವಣಗೆರೆಯಿಂದ. ಅವ್ವನಿಗೆ ಓದು ಬರಹ ಬಾರದು. ರಸ್ತೆಯ ಹೆಸರು, ಅಂಗಡಿಯ ಬೋರ್ಡು ಯಾವುದೂ ಅವಳ ನೆರವಿಗೆ ಬರುವುದಿಲ್ಲ. ಆದರೆ ಜಿಲ್ಲಾಧಿಕಾರಿ ಕಚೇರಿಯ ಮುಂದೆ ಒನಕೆ ಹಿಡಿದು ನಿಂತಿರುವ ಹೆಣ್ಣನ್ನು ಗುರುತಿಸಲು ಅಕ್ಷರ ಬೇಕಾಗಿಲ್ಲ.

ಭರಮಸಾಗರ ದಾಟುತ್ತಿದ್ದಂತೆ ನನ್ನ ಬಸ್ ಕೆಟ್ಟು ನಿಂತಿತು. ಅವ್ವನ ಮೊಬೈಲ್ ಬೇರೆ ಸ್ವಿಚ್ ಆಫ್. ಇನ್ನೊಂದು ಬಸ್ ಸಿಕ್ಕು ಊರು ಸೇರುವಾಗ ಒಂದೂವರೆ ಗಂಟೆ ತಡವಾಗಿತ್ತು. ದಾರಿಯುದ್ದಕ್ಕೂ ಅವಳು ಅಲ್ಲಿಂದ ಕದಲದಿದ್ದರೆ ಸಾಕು ಎಂದು ಬೇಡಿಕೊಳ್ಳುತ್ತಿದ್ದೆ.

ಕದಲಿರಲಿಲ್ಲ. ತಲೆಯ ಮೇಲೆ ಸೆರಗು ಹೊದ್ದು, ಕೈಚೀಲವನ್ನು ಕಾಲ ಬಳಿ ಇಟ್ಟುಕೊಂಡು, ಕತ್ತೆತ್ತಿ ನೋಡುತ್ತಿದ್ದಳು. 2021ರಿಂದ ಸರ್ಕಾರ ನವೆಂಬರ್ 11ರಂದು ಓಬವ್ವ ಜಯಂತಿ ಆಚರಿಸುತ್ತಿದೆ. ಆ ದಿನ ಕಳೆದು ಒಂದು ವಾರವೂ ಆಗಿರಲಿಲ್ಲ, ಹಾರದ ಹೂವುಗಳು ಬಾಡಿದ್ದವು. ಏಕೆ ತಡವಾಯಿತು ಎಂದು ಅವ್ವ ಕೇಳಲೇ ಇಲ್ಲ. "ಒನಕೆಗೆ ಅಣಸು ಹಾಕಿದ್ದಾರೆಯೇ ನೋಡು, ನನ್ನ ಕಣ್ಣಿಗೆ ಕಾಣುತ್ತಿಲ್ಲ" ಎಂದಳು.

ಅಣಸು ಎಂದರೆ ಏನೆಂದು ನನಗೆ ತಿಳಿದಿರಲಿಲ್ಲ. ಒನಕೆಯ ತುದಿಗೆ ಬಡಿಯುವ ಕಬ್ಬಿಣದ ಬಳೆಯಂತೆ. ಅದಿಲ್ಲದಿದ್ದರೆ ಮರ ಸೀಳಿ ಹೋಗುತ್ತದೆ. ಮದುವೆಯಾಗಿ ಬಂದ ಮೇಲೆ ಎಷ್ಟೋ ವರ್ಷ ಅವ್ವ ನಸುಕಿನಲ್ಲೆದ್ದು ನವಣೆ, ಸಾಮೆ ಕುಟ್ಟಿದವಳು. ಬಲಗೈ ಸೋತರೆ ಪೆಟ್ಟು ತಪ್ಪದಂತೆ ಎಡಗೈಗೆ ಒನಕೆ ದಾಟಿಸುವುದನ್ನು ಅಲ್ಲೇ, ಜನರ ನಡುವೆ, ಬರಿಗೈಯಲ್ಲಿ ಮಾಡಿ ತೋರಿಸಿದಳು. ಶಿಲ್ಪಿ ಅಶೋಕ್ ಗುಡಿಗಾರ್ ರೂಪಿಸಿದ ಆ ಪ್ರತಿಮೆಯ ಮುಂದೆ ನಾನು ಎಷ್ಟು ಸಲ ಹಾದುಹೋಗಿದ್ದೇನೋ. ಒನಕೆಯನ್ನು ಒನಕೆಯಾಗಿ ನೋಡಿದ್ದು ಅಂದೇ ಮೊದಲು.

ಹೊತ್ತು ಮೀರಿದ್ದರಿಂದ ಡಾಕ್ಟರು ಸಂಜೆ ನಾಲ್ಕಕ್ಕೆ ಸಿಗುತ್ತಾರೆ ಎಂದರು. "ಹಾಗಾದರೆ ಕಿಂಡಿ ತೋರಿಸು" ಎಂದಳು ಅವ್ವ.

ಕೋಟೆಯ ಕಲ್ಲುಹಾಸಿನ ಮೇಲೆ ಅವಳ ಕೈ ಹಿಡಿದು ನಿಧಾನವಾಗಿ ಹತ್ತಿಸಿದೆ. ತಣ್ಣೀರು ದೋಣಿಯ ಹತ್ತಿರ ಬಂಡೆಗಳ ಸಂದಿನಲ್ಲಿದೆ ಆ ಕಿಂಡಿ. ಹೈದರಾಲಿಯ ಸೈನಿಕರು ಅದರೊಳಗಿಂದ ಒಬ್ಬೊಬ್ಬರಾಗಿ ನುಸುಳಿದರು, ಕಾವಲುಗಾರ ಗಂಡ ಊಟಕ್ಕೆ ಕುಳಿತಿದ್ದಾಗ ನೀರಿಗೆಂದು ಬಂದ ಓಬವ್ವ ಅವರ ಸದ್ದು ಕೇಳಿಸಿಕೊಂಡಳು ಎಂಬುದು ದುರ್ಗದ ಮಕ್ಕಳಿಗೆಲ್ಲ ಗೊತ್ತಿರುವ ಕಥೆ. ಕೋಟೆ ಹೈದರನ ವಶವಾದದ್ದು 1779ರಲ್ಲಿ. ಪ್ರತಿಮೆಯನ್ನು ನೋಡಿ ಬಂದವರಿಗೆ ಕಿಂಡಿ ತೀರ ಚಿಕ್ಕದಾಗಿ ಕಾಣುತ್ತದೆ. ಬಗ್ಗದೆ ನುಸುಳಲಾಗುವುದಿಲ್ಲ.

ಅವ್ವ ಕಣ್ಣಿಗಿಂತ ಹೆಚ್ಚಾಗಿ ಕೈಯಿಂದಲೇ ನೋಡಿದಳು. ಬಂಡೆಯ ಅಂಚನ್ನು ಸವರಿದಳು, ಪಕ್ಕದಲ್ಲಿ ನಿಂತು ತೋಳೆತ್ತಿ ಅಳೆದಳು.

"ಇದೂ ಒರಳಿನ ಬಾಯಿಯೇ. ದಿನಾ ಕುಟ್ಟುವ ಹಾಗೆಯೇ ಕುಟ್ಟಿದ್ದಾಳೆ" ಎಂದವಳು, ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಸತ್ತವರನ್ನು ಎಳೆದು ಹಾಕಿದವರು ಯಾರು?"

"ಅವಳೇ ಅವ್ವ. ಹಿಂದೆ ಬರುವವನಿಗೆ ಅನುಮಾನ ಬರಬಾರದಲ್ಲ."

"ಒಂದೊಂದು ಗಂಡಾಳೂ ಜೋಳದ ಮೂಟೆಯಷ್ಟು ಭಾರ. ಕುಟ್ಟುವುದಕ್ಕಿಂತ ಅದೇ ಕಷ್ಟ. ನಡ ಮುರಿದು ಹೋಗಿರಬೇಕು ಆ ತಾಯಿಗೆ."

ಶಾಲೆಯಲ್ಲಿ ಈ ಕಥೆಯನ್ನು ಬಾಯಿಪಾಠ ಒಪ್ಪಿಸಿ ಬಹುಮಾನ ಪಡೆದವಳು ನಾನು. ಎಳೆದು ಹಾಕಿದ ಆ ದಣಿವು ಒಂದು ಸಲವೂ ನನ್ನ ಮನಸ್ಸಿಗೆ ಬಂದಿರಲಿಲ್ಲ. ಯಾವ ಪ್ರತಿಮೆಯೂ ಅದನ್ನು ತೋರಿಸುವುದಿಲ್ಲ. ಎತ್ತಿದ ಒನಕೆಯನ್ನಷ್ಟೇ ತೋರಿಸುತ್ತದೆ. ಆದರೆ ಎತ್ತಿದ ಆ ಒನಕೆಯನ್ನು ಕಂಡೇ ಅಲ್ಲವೇ ಅವ್ವ ಇಲ್ಲಿಯವರೆಗೆ ಹತ್ತಿ ಬಂದದ್ದು? ವೃತ್ತಕ್ಕೊಂದು ಪ್ರತಿಮೆ ಏಕೆ, ಆ ದುಡ್ಡಿನಲ್ಲಿ ಬೇರೆ ಏನಾದರೂ ಮಾಡಬಾರದೇ ಎಂದು ವಾದಿಸುತ್ತಿದ್ದವರಲ್ಲಿ ನಾನೂ ಒಬ್ಬಳು. ಓಬವ್ವನ ವಿಷಯದಲ್ಲಿ ಆ ವಾದವನ್ನು ಅಂದೇ ಕೈಬಿಟ್ಟೆ.

ಸಂಜೆ ಡಾಕ್ಟರು ಪೊರೆ ಬಂದಿದೆ, ಮುಂದಿನ ತಿಂಗಳು ಆಪರೇಷನ್ ಮಾಡೋಣ ಎಂದರು. ಅವ್ವ ಹೆದರುತ್ತಾಳೆ ಎಂದುಕೊಂಡಿದ್ದೆ. ಬಸ್ ಹತ್ತಿ ಕುಳಿತವಳು ಕಿಟಕಿಯಿಂದ ನನ್ನನ್ನು ಕರೆದು, "ಪಟ್ಟಿ ಬಿಚ್ಚಿದ ದಿನ ಮೊದಲು ಅವಳ ಹತ್ತಿರವೇ ಕರೆದುಕೊಂಡು ಹೋಗು. ಅಣಸು ಇದೆಯೋ ಇಲ್ಲವೋ ನಾನೇ ನೋಡುತ್ತೇನೆ" ಎಂದಳು.