ಅರ್ಧದಷ್ಟು ರಿಯಾಯಿತಿ

ರಗ್ಬಿಯಲ್ಲಿ ಕೆಂಪು ಕಾರ್ಡ್ ತೋರಿಸಿದ ಕ್ಷಣವನ್ನು ಎಲ್ಲರೂ ನೋಡುತ್ತಾರೆ. ಕೆಲವು ದಿನ ಬಿಟ್ಟು ಶಿಸ್ತು ಸಮಿತಿ ಬರೆಯುವ ತೀರ್ಪನ್ನು ಓದುವವರು ತೀರಾ ಕಡಿಮೆ. ನಾನು ಅದನ್ನು ತಪ್ಪದೆ ಓದುತ್ತೇನೆ. ನನ್ನದು ಕ್ರಿಮಿನಲ್ ವಕೀಲಿಕೆ, ಹಾಗಾಗಿ ತಪ್ಪು ನಡೆಯಿತೇ ಎಂಬುದಕ್ಕಿಂತ ಶಿಕ್ಷೆಯ ಅಳತೆ ಹೇಗೆ ನಿಗದಿಯಾಯಿತು ಎಂಬ ಪುಟಕ್ಕೇ ಮೊದಲು ಕೈ ಹೋಗುತ್ತದೆ. ನನಗೆ ಸಿಟ್ಟು ಬರುವುದೂ ಆ ಪುಟದಲ್ಲೇ.

ಈ ಆಟದ ಜಾಗತಿಕ ಆಡಳಿತ ಸಂಸ್ಥೆಯಾದ ವರ್ಲ್ಡ್ ರಗ್ಬಿಯ ಶಿಕ್ಷೆಯ ಕೋಷ್ಟಕ ಸರಳವಾಗಿದೆ. ಅಪಾಯಕಾರಿ ಟ್ಯಾಕಲ್‌ಗೆ, ಅಂದರೆ ಚೆಂಡು ಹಿಡಿದವನನ್ನು ಅಪಾಯವಾಗುವಂತೆ ತಡೆದು ಕೆಡವುವುದಕ್ಕೆ, ಮೂರು ಹಂತಗಳು: ಕೆಳಗಿನದಕ್ಕೆ 2 ವಾರ ನಿಷೇಧ, ನಡುವಿನದಕ್ಕೆ 6, ಮೇಲಿನದಕ್ಕೆ 10 ಅಥವಾ ಹೆಚ್ಚು (ವಾರವೆಂದರೆ ಸಾಮಾನ್ಯವಾಗಿ ಒಂದು ಪಂದ್ಯ). ಪೆಟ್ಟು ಎದುರಾಳಿಯ ತಲೆಗೆ ತಗುಲಿದ್ದರೆ ಕನಿಷ್ಠ ನಡುವಿನ ಹಂತದಿಂದಲೇ ಲೆಕ್ಕ ಶುರುವಾಗಬೇಕು. ಇಷ್ಟರವರೆಗೆ ನನ್ನ ತಕರಾರಿಲ್ಲ. ಅದರ ನಂತರ ಆಟಗಾರನ ನಡತೆ, ಹಿಂದಿನ ದಾಖಲೆ, ತಪ್ಪೊಪ್ಪಿಗೆ, ಪಶ್ಚಾತ್ತಾಪ ಇವನ್ನೆಲ್ಲ ಪರಿಗಣಿಸಿ ಅರ್ಧದವರೆಗೆ ಕಡಿತ ಮಾಡಬಹುದು. ಅದೂ ಸಾಲದೆಂಬಂತೆ ಟ್ಯಾಕಲ್ ಸುಧಾರಣೆಯ ತರಬೇತಿ ಮುಗಿಸಿದರೆ ಇನ್ನೊಂದು ವಾರ ಬಿಡುಗಡೆ. ಆರು ಮೂರಾಗುತ್ತದೆ, ಮೂರು ಎರಡಾಗುತ್ತದೆ. 2023ರ ವಿಶ್ವಕಪ್‌ನಲ್ಲಿ ಅರ್ಜೆಂಟೀನಾ ವಿರುದ್ಧ ಆಟ ಶುರುವಾದ ಕೆಲವೇ ನಿಮಿಷಗಳಲ್ಲಿ ತಲೆಗೆ ತಲೆ ತಾಗಿಸಿದ ಇಂಗ್ಲೆಂಡಿನ ಟಾಮ್ ಕರಿ ಕೊನೆಗೆ ಆಡದೆ ಹೊರಗುಳಿದದ್ದು ಎರಡೇ ಪಂದ್ಯ.

ಇಂಗ್ಲೆಂಡ್ ನಾಯಕರಾಗಿದ್ದ ಓವನ್ ಫ್ಯಾರೆಲ್ ಪ್ರಕರಣ ನನ್ನ ಮಟ್ಟಿಗೆ ಈ ವ್ಯವಸ್ಥೆಯ ಎಲ್ಲ ದೋಷಗಳನ್ನೂ ಒಟ್ಟಿಗೆ ತೋರಿಸುತ್ತದೆ. 2016ರಲ್ಲಿ ಇಂಗ್ಲೆಂಡಿನ ವಾಸ್ಪ್ಸ್ ಕ್ಲಬ್ ತಂಡದ ಡ್ಯಾನ್ ರಾಬ್ಸನ್ ಮೇಲಿನ ಎತ್ತರದ (ಭುಜಕ್ಕಿಂತ ಮೇಲೆ ತಾಗುವ) ಟ್ಯಾಕಲ್‌ಗಾಗಿ ಅವರಿಗೆ ಎರಡು ವಾರಗಳ ನಿಷೇಧವಾಗಿತ್ತು. 2020ರ ಸೆಪ್ಟೆಂಬರ್‌ನಲ್ಲಿ ಅದೇ ವಾಸ್ಪ್ಸ್‌ನ ಚಾರ್ಲಿ ಅಟ್ಕಿನ್ಸನ್ ಎಂಬ ಹದಿಹರೆಯದ ಹುಡುಗನ ತಲೆಗೆ ಫ್ಯಾರೆಲ್ ತೋಳು ಬಡಿದು ಆತ ಅಲ್ಲೇ ಕುಸಿದ. ಸಮಿತಿ ಅದನ್ನು ಮೇಲಿನ ಹಂತದ ತಪ್ಪೆಂದೇ ಹೇಳಿ 10 ಪಂದ್ಯಗಳಿಂದ ಲೆಕ್ಕ ಶುರುಮಾಡಿತು. ಆಮೇಲೆ ತರಬೇತುದಾರರ ಪ್ರಶಂಸಾಪತ್ರಗಳು ಬಂದವು, ದತ್ತಿ ಕೆಲಸದ ಪ್ರಸ್ತಾಪ ಬಂತು, ಹತ್ತು ಐದಾಯಿತು. ಹಿಂದೊಮ್ಮೆ ಇದೇ ಬಗೆಯ ತಪ್ಪಿಗೆ ಶಿಕ್ಷೆಯಾದವನಿಗೆ ಪೂರ್ತಿ ಅರ್ಧ ಕಡಿತ! ನನ್ನ ಕಕ್ಷಿದಾರನಿಗೆ ಇಂಥ ನ್ಯಾಯಾಧೀಶರು ಸಿಕ್ಕಿದ್ದರೆ ನಾನು ಸಂತೋಷಪಡುತ್ತಿದ್ದೆ, ನಿಜ. ಎದುರು ಪಕ್ಷದವಳಾಗಿದ್ದರೆ ಮೇಲ್ಮನವಿ ಸಲ್ಲಿಸದೆ ಬಿಡುತ್ತಿರಲಿಲ್ಲ.

2023ರ ಜನವರಿಯಲ್ಲಿ ಗ್ಲಾಸ್ಟರ್ ಕ್ಲಬ್‌ನ ಜ್ಯಾಕ್ ಕ್ಲೆಮೆಂಟ್ ಮೇಲಿನ ಟ್ಯಾಕಲ್‌ಗೆ ಫ್ಯಾರೆಲ್‌ಗೆ ನಾಲ್ಕು ಪಂದ್ಯ ನಿಷೇಧ, ತರಬೇತಿಯ ನಂತರ ಅದು ಮೂರು. ಅದೇ ವರ್ಷ ಆಗಸ್ಟ್ 12ರಂದು ಟ್ವಿಕನ್‌ಹ್ಯಾಮ್‌ನಲ್ಲಿ ವೇಲ್ಸ್‌ನ ಟೈನ್ ಬಾಶಮ್ ತಲೆಗೆ ಫ್ಯಾರೆಲ್ ಭುಜ ಬಡಿಯಿತು. ಹಳದಿ ಕಾರ್ಡ್ ಬಂಕರ್ ಪರಿಶೀಲನೆಯಲ್ಲಿ, ಅಂದರೆ ಮೈದಾನದ ಹೊರಗಿನ ಅಧಿಕಾರಿ ವೀಡಿಯೊ ನೋಡಿದಾಗ, ಕೆಂಪಾಯಿತು. ಮೂರು ದಿನಗಳ ನಂತರ ಆಸ್ಟ್ರೇಲಿಯಾದವರೇ ಇದ್ದ ಸಮಿತಿ ಆ ಕೆಂಪು ಕಾರ್ಡನ್ನೇ ರದ್ದುಮಾಡಿತು. ಫ್ಯಾರೆಲ್‌ನ ಜೊತೆ ಆಟಗಾರ ಜೇಮಿ ಜಾರ್ಜ್ ತಾಗಿದ್ದರಿಂದ ಬಾಶಮ್‌ನ ದಿಕ್ಕು ಕೊನೆಯ ಗಳಿಗೆಯಲ್ಲಿ ಬದಲಾಯಿತು ಎಂಬುದು ಅದರ ಕಾರಣ. ವರ್ಲ್ಡ್ ರಗ್ಬಿಯೇ ಮೇಲ್ಮನವಿ ಸಲ್ಲಿಸಿತು. ಫ್ಯಾರೆಲ್ ಎದುರಾಳಿಯನ್ನು ತೋಳಿನಿಂದ ಬಳಸಿ ಹಿಡಿಯಲು ಯತ್ನಿಸಿದ್ದರೇ ಎಂಬ ಪ್ರಶ್ನೆಯನ್ನೇ ಮೊದಲ ಸಮಿತಿ ಎತ್ತಿಲ್ಲ ಎಂದು ಮೇಲ್ಮನವಿ ಸಮಿತಿ ಹೇಳಿತು. ಸರಿಯಾದ ಮಾತು. ಭುಜ ಮುಂದಿಟ್ಟು ನುಗ್ಗುವುದೇ ನಿಯಮಬಾಹಿರ, ಎದುರಿನವನು ಎತ್ತ ಹೊರಳಿದ ಎಂಬುದು ಆಮೇಲಿನ ವಿಚಾರ.

ಆದರೆ ಶಿಕ್ಷೆ? ಆರರಿಂದ ನಾಲ್ಕು. ಪಶ್ಚಾತ್ತಾಪ ಮತ್ತು ಒಳ್ಳೆಯ ನಡತೆ ಮತ್ತೆ ಕಾರಣಗಳ ಪಟ್ಟಿಯಲ್ಲಿದ್ದವು. ಆ ನಾಲ್ಕರಲ್ಲಿ ಎರಡು ವಿಶ್ವಕಪ್‌ಗೆ ಮುಂಚಿನ ತಯಾರಿ ಪಂದ್ಯಗಳು. ಅದೇ ಆಗಸ್ಟ್‌ನಲ್ಲಿ ಕೆನಡಾ ಆಟಗಾರನನ್ನು ಎತ್ತಿ ಬೀಳಿಸಿದ ಟಾಂಗಾದ ಜಾರ್ಜ್ ಮೋಲಾ ಅವರಿಗೆ ಹತ್ತರ ಅರ್ಧ ಐದು ಪಂದ್ಯಗಳ ನಿಷೇಧವಾಗಿತ್ತು. ಫ್ಯಾರೆಲ್‌ಗೆ ಮೊದಲು ಶಿಕ್ಷೆಯೇ ಇಲ್ಲವೆಂದಾಗ ಪೆಸಿಫಿಕ್ ದ್ವೀಪಗಳ ಅಭಿಮಾನಿಗಳು ಕೆರಳಿದ್ದರಲ್ಲಿ ನನಗೆ ಯಾವ ಆಶ್ಚರ್ಯವೂ ಆಗಲಿಲ್ಲ. ಎರಡು ತಪ್ಪುಗಳ ಬಗೆ ಬೇರೆ, ಒಪ್ಪುತ್ತೇನೆ. ಆದರೆ ದೊಡ್ಡ ದೇಶದ ನಾಯಕನಿಗೆ ಒಂದು ನ್ಯಾಯ, ಸಣ್ಣ ದೇಶದವನಿಗೆ ಇನ್ನೊಂದು ಎಂಬ ಸಂಶಯಕ್ಕೆ ಜಾಗ ಕೊಟ್ಟದ್ದು ಸಮಿತಿಯೇ.

ಫ್ಯಾರೆಲ್ ಕುಟುಂಬದವರನ್ನು ಜಾಲತಾಣಗಳಲ್ಲಿ ನಿಂದಿಸಿದವರ ಜೊತೆ ನಾನಿಲ್ಲ. ಫ್ಯಾರೆಲ್ ನಡತೆ ಒಳ್ಳೆಯದೆಂದೇ ನಂಬುತ್ತೇನೆ. ಒಳ್ಳೆಯ ನಡತೆಯವನ ಭುಜವೂ ಅಷ್ಟೇ ಗಟ್ಟಿ.

ನನ್ನ ಮುಖ್ಯ ಆಕ್ಷೇಪ ಇಲ್ಲಿದೆ. ತಪ್ಪಿನ ಗಂಭೀರತೆಯನ್ನು ಅಳೆಯುವ ಅಂಶಗಳಲ್ಲಿ ಪೆಟ್ಟು ತಿಂದವನಿಗೆ ಏನಾಯಿತು ಎಂಬುದೂ ಒಂದು. ವಿಚಾರಣೆ ಆ ವಾರದಲ್ಲೇ ಮುಗಿಯುವುದರಿಂದ ಸಮಿತಿಗೆ ಕಾಣುವುದು ಆ ವಾರದ ಸ್ಥಿತಿ ಮಾತ್ರ. ಆತ ಎದ್ದು ಆಟ ಮುಂದುವರಿಸಿದ್ದರೆ ಹಾನಿಯಿಲ್ಲ ಎಂಬ ಲೆಕ್ಕ. 2003ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ತಂಡದ ಆಟಗಾರ ಸ್ಟೀವ್ ಥಾಂಪ್ಸನ್ 2020ರ ಡಿಸೆಂಬರ್‌ನಲ್ಲಿ, ನಲವತ್ತರ ಆಸುಪಾಸಿನಲ್ಲೇ, ತಮಗೆ ಮರೆವಿನ ಕಾಯಿಲೆಯಿದೆಯೆಂದು ಬಹಿರಂಗಪಡಿಸಿದರು. ಆ ಗೆಲುವು ತಮಗೆ ನೆನಪೇ ಇಲ್ಲ ಎಂದರು. ಅಂಥ ಹಾನಿ ಒಂದೇ ಟ್ಯಾಕಲ್‌ನಿಂದ ಆಗುವುದಲ್ಲ, ಅಭ್ಯಾಸದ ಪೆಟ್ಟುಗಳೂ ಸೇರಿರುತ್ತವೆ. ಆದರೂ ಹೊಡೆದವನ ಸ್ವಭಾವಕ್ಕೆ ಹತ್ತು ವರ್ಷಗಳ ಸಾಕ್ಷ್ಯ ಕೇಳುವ ಸಮಿತಿ, ಪೆಟ್ಟಿಗೆ ಒಂದು ವಾರದ ಸಾಕ್ಷ್ಯವಷ್ಟೇ ಸಾಕೆನ್ನುವುದು ಎಂಥ ತೂಕ?

ಕಠಿಣ ನಿರ್ಧಾರಗಳಿಂದ ಈ ಆಟ ಸುಧಾರಿಸಿದೆ. 2005ರಲ್ಲಿ ಕ್ರೈಸ್ಟ್‌ಚರ್ಚ್‌ನಲ್ಲಿ ಲಯನ್ಸ್ (ಬ್ರಿಟನ್ ಮತ್ತು ಐರ್ಲೆಂಡಿನ ಜಂಟಿ ತಂಡ) ನಾಯಕ ಬ್ರಿಯಾನ್ ಓಡ್ರಿಸ್ಕಾಲ್ ಅವರನ್ನು ನ್ಯೂಜಿಲೆಂಡಿನ ತಾನಾ ಉಮಾಗಾ ಮತ್ತು ಕೆವೆನ್ ಮಿಯಾಲಾಮು ಎತ್ತಿ ನೆಲಕ್ಕಪ್ಪಳಿಸಿ ಭುಜದ ಕೀಲು ತಪ್ಪಿದಾಗ ಒಂದು ದಿನದ ನಿಷೇಧವೂ ಆಗಲಿಲ್ಲ. ಆರು ವರ್ಷಗಳ ನಂತರ ವಿಶ್ವಕಪ್ ಸೆಮಿಫೈನಲ್‌ನಲ್ಲಿ ವೇಲ್ಸ್ ನಾಯಕ ಸ್ಯಾಮ್ ವಾರ್‌ಬರ್ಟನ್ ಫ್ರಾನ್ಸ್‌ನ ವಿನ್ಸೆಂಟ್ ಕ್ಲೇರ್ ಅವರನ್ನು ಎತ್ತಿ ಬೀಳಿಸಿದ ತಕ್ಷಣ ರೆಫರಿ ಅಲೈನ್ ರೋಲಾಂಡ್ ಕೆಂಪು ಕಾರ್ಡ್ ತೆಗೆದರು. ವೇಲ್ಸ್ 9-8ರಲ್ಲಿ ಸೋತಿತು, ವಾರ್‌ಬರ್ಟನ್‌ಗೆ ಮೂರು ವಾರ ನಿಷೇಧವೂ ಆಯಿತು. ರೋಲಾಂಡ್ ಆ ದಿನ ನಾಯಕನ ಒಳ್ಳೆಯತನವನ್ನು ತೂಗಲಿಲ್ಲ, ಕ್ಲೇರ್ ಹೇಗೆ ನೆಲಕ್ಕೆ ಬಿದ್ದರೆಂಬುದನ್ನಷ್ಟೇ ನೋಡಿದರು.

ತಲೆಗೆ ಬಿದ್ದ ಪೆಟ್ಟಿನಲ್ಲಿ ಕಡಿತವನ್ನು ಕಾಲು ಭಾಗಕ್ಕೆ ಮಿತಿಗೊಳಿಸಲಿ. ಎರಡನೆಯ ಸಲದ ತಪ್ಪಿಗೆ ಕಡಿತವೇ ಬೇಡ. ತಯಾರಿ ಪಂದ್ಯಗಳನ್ನು ನಿಷೇಧದ ಲೆಕ್ಕದಿಂದ ತೆಗೆಯಲಿ. ತರಬೇತಿ ಎಲ್ಲರಿಗೂ ಕಡ್ಡಾಯವಾಗಲಿ, ಅದಕ್ಕೆ ಪ್ರತಿಯಾಗಿ ಒಂದು ವಾರದ ಬಹುಮಾನ ಮಾತ್ರ ಬೇಡ.